ಲಾರಿ ಎಂಜಿನ್ ಬಿಚ್ಚಿ ಕಟ್ಟುವುದು: ಕಾಸರಗೋಡಿನ ಶೆಡ್ಡೊಂದರ ಅನುಭವದಿಂದ ಒಂದು ಮಾರ್ಗದರ್ಶಿ

ಬದಿಯಡ್ಕದ ಕಡೆ ಮುರಕಲ್ಲು ಹೊರುವ ಆರು ಸಿಲಿಂಡರಿನ ಲಾರಿಯೊಂದಕ್ಕೆ ಕೆಲವು ವರ್ಷಗಳ ಹಿಂದೆ ನಮ್ಮ ಶೆಡ್ಡಿನಲ್ಲಿ ಪೂರ್ತಿ ಎಂಜಿನ್ ಕೆಲಸ ಮಾಡಿದ್ದೆವು. ಹೊಸ ಲೈನರ್ (ಪಿಸ್ಟನ್ ಓಡುವ ಕೊಳವೆ), ಹೊಸ ಪಿಸ್ಟನ್, ಗ್ರೈಂಡ್ ಮಾಡಿಸಿದ ಕ್ರ್ಯಾಂಕ್ (ಪಿಸ್ಟನ್ನುಗಳ ಓಟಕ್ಕೆ ತಿರುಗುವ ದಂಡ), ಹೊಸ ಬೇರಿಂಗ್ ಸೆಟ್ಟು, ಹೀಗೆ ಯಾವುದರಲ್ಲಿಯೂ ಕೈ ಬಿಗಿ ಹಿಡಿದಿರಲಿಲ್ಲ. ಏಳನೆಯ ತಿಂಗಳಿಗೆ ಅದೇ ಲಾರಿ ಬ್ರೀದರಿನಿಂದ (ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಪೈಪಿನಿಂದ) ಹೊಗೆ ಉಗುಳುತ್ತ ಮರಳಿ ಬಂತು. ಸಾಮಾನು ಕಳಪೆಯೆಂದು ಮೊದಲು ಅಂಗಡಿಯವರನ್ನು ಬೈದುಕೊಂಡೆವು. ಆಮೇಲೆ ಏರ್ ಫಿಲ್ಟರಿನಿಂದ ಟರ್ಬೋಗೆ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರಕ್ಕೆ) ಹೋಗುವ ರಬ್ಬರ್ ಹೋಸನ್ನು ಕಳಚಿ, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಆಡಿಸಿದಾಗ ಬಟ್ಟೆಯ ಮೇಲೆ ಕುಂಕುಮದಂಥ ಕೆಂಪು ಗೆರೆ ಮೂಡಿತು. ಕ್ಲಿಪ್ಪಿನ ಅಡಿಯಲ್ಲಿ, ಮೇಲಿನಿಂದ ನೋಡಿದರೆ ಕಾಣದ ಜಾಗದಲ್ಲಿ, ಹೋಸು ಅರ್ಧ ಬೆರಳಿನಷ್ಟು ಸೀಳಿತ್ತು, ಕೋರೆಯ ಕೆಂಪು ಧೂಳು ಅಲ್ಲಿಂದಲೇ ಒಳಗೆ ಹೋಗುತ್ತಿತ್ತು. ಹಳೆಯ ಲೈನರುಗಳನ್ನು ತಿಂದದ್ದೂ ಹೊಸ ಲೈನರುಗಳನ್ನು ತಿಂದದ್ದೂ ಅದೇ ಸೀಳು. ತಪ್ಪು ನಮ್ಮದೇ ಆಗಿದ್ದುದರಿಂದ ಎರಡನೆಯ ಸಲ ಕೂಲಿ ಕೇಳುವ ಮುಖ ನಮಗಿರಲಿಲ್ಲ.

ಆದ್ದರಿಂದ ಡೀಸೆಲ್ ಎಂಜಿನ್ನನ್ನು ಮೊದಲಿಗಿಂತ ಗಟ್ಟಿಯಾಗಿ ಕಟ್ಟಬೇಕೆಂದು ಬಯಸುವ ಲಾರಿ ಮಾಲೀಕರಿಗೂ ಹೊಸದಾಗಿ ಈ ಕೆಲಸಕ್ಕೆ ಕೈ ಹಚ್ಚುವ ಹುಡುಗರಿಗೂ ನಾನು ಮೊದಲು ಹೇಳುವ ಮಾತು ಇಷ್ಟೆ: ಹಳೆಯ ಎಂಜಿನ್ ಯಾಕೆ ಹೋಯಿತೆಂದು ಗೊತ್ತಾಗುವ ತನಕ ಹೊಸ ಸಾಮಾನಿಗೆ ಮುಂಗಡ ಕೊಡಬೇಡಿ. ಮುಂದೆ ಬರೆದಿರುವ ಹಂತಗಳೆಲ್ಲ ಈ ಒಂದು ಪ್ರಶ್ನೆಯನ್ನು ಬೆನ್ನು ಹತ್ತಿಯೇ ಸಾಗುತ್ತವೆ.

ಇಳಿಸುವ ಮೊದಲು

ಎಂಜಿನ್ ಗಾಡಿಯಲ್ಲಿರುವಾಗ ಹೇಳುವಷ್ಟು ಸತ್ಯವನ್ನು ಬೆಂಚಿನ ಮೇಲೆ ಹೇಳುವುದಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಒಮ್ಮೆ, ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಮ್ಮೆ ಸ್ಟಾರ್ಟ್ ಮಾಡಿ ಹೊಗೆಯನ್ನು ನೋಡಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಅದು ಪಿಸ್ಟನ್ನಿನ ರಿಂಗ್ ಅಥವಾ ವಾಲ್ವ್ ಗೈಡಿನಿಂದ ಇರಬಹುದು, ಟರ್ಬೋದ ಸೀಲಿನಿಂದಲೂ ಇರಬಹುದು. ಟರ್ಬೋ ಒಂದರ ತಪ್ಪಿಗೆ ಇಡೀ ಎಂಜಿನ್ ಇಳಿಸಿದವರನ್ನು ನಾನು ಕಂಡಿದ್ದೇನೆ. ಲೋಡಿನಲ್ಲಿ ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯಾದರೆ ಒಂದೋ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಲ್ಲವಾದರೆ ನೀರು ಒಳಗೆ ಹೋಗುತ್ತಿದೆ. ರೇಡಿಯೇಟರಿನ ನೀರು ಸೋರಿದ ಗುರುತಿಲ್ಲದೆ ಕಡಿಮೆಯಾಗುತ್ತಿದ್ದರೆ ಎರಡನೆಯದನ್ನೇ ಮೊದಲು ಸಂಶಯಿಸಬೇಕು.

ಆಮೇಲೆ ಆಯಿಲ್ ಪ್ರೆಶರ್. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬದೆ, ಬ್ಲಾಕಿಗೇ ಪ್ರತ್ಯೇಕ ಗೇಜು ಹಚ್ಚಿ, ಎಂಜಿನ್ ಬಿಸಿಯಾಗಿರುವಾಗ ಐಡಲಿನಲ್ಲಿಯೂ ಓಡುವ ವೇಗದಲ್ಲಿಯೂ ನೋಡಿ ಬರೆದಿಟ್ಟುಕೊಳ್ಳಬೇಕು. ಕೊನೆಗೆ ಡೀಸೆಲ್ ಚಿಮ್ಮುವ ನಾಝಲ್ ಕಳಚಿ ಒಂದೊಂದು ಸಿಲಿಂಡರಿನ ಕಂಪ್ರೆಶನ್ (ಪಿಸ್ಟನ್ ಗಾಳಿಯನ್ನು ಅಮುಕಿದಾಗಿನ ಒತ್ತಡ) ಅಳೆಯಬೇಕು. ಸುಸ್ಥಿತಿಯ ಡೀಸೆಲ್ ಎಂಜಿನ್ನಿನಲ್ಲಿ ಇದು ಸಾಮಾನ್ಯವಾಗಿ 25ರಿಂದ 30 ಬಾರ್‌ನ ಆಸುಪಾಸಿನಲ್ಲಿರುತ್ತದೆ. ಆದರೆ ಅಂಕಿಗಿಂತಲೂ ಹೆಚ್ಚಾಗಿ ಗಮನಿಸಬೇಕಾದದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಆರೂ ಸಮನಾಗಿ ಇಳಿದಿದ್ದರೆ ಅದು ವಯಸ್ಸು ಅಥವಾ ಧೂಳು. ಒಂದೇ ಒಂದು ಇಳಿದಿದ್ದರೆ ಆ ಸಿಲಿಂಡರಿಗೆ ಅದರದೇ ಕತೆ ಇರುತ್ತದೆ, ಬಹುಪಾಲು ಅದರ ನಾಝಲ್ ಅಥವಾ ವಾಲ್ವಿನಲ್ಲಿ.

ನಮ್ಮ ಜಿಲ್ಲೆಯ ಲಾರಿಗಳು ಹಾಳಾಗುವುದಕ್ಕೆ ಇಲ್ಲಿನದೇ ಕಾರಣಗಳೂ ಇವೆ. ಕೋರೆಗಳ ಕೆಂಪು ಧೂಳಿನ ಮಾತು ಮೇಲೆಯೇ ಬಂತು. ಮಂಜೇಶ್ವರ, ಕುಂಬಳೆಯ ಕರಾವಳಿ ಬದಿಯ ಮೀನಿನ ಲಾರಿಗಳಿಗೆ ಉಪ್ಪು ಗಾಳಿಯ ಕಾಟ. ಸಮುದ್ರದ ಹತ್ತಿರದ ಬಾವಿಗಳ ನೀರು ಬೇಸಗೆಯಲ್ಲಿ ಸವುಳಾಗುತ್ತದೆ, ಅದನ್ನೇ ರೇಡಿಯೇಟರಿಗೆ ಹುಯ್ಯುವವರಿದ್ದಾರೆ. ಚೆರ್ಕಳದಿಂದ ಜಾಲ್ಸೂರು ದಾಟಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವ ಲಾರಿಗಳಿಗೆ ಭಾರ ಹೊತ್ತು ಏರುವ ದುಡಿಮೆ. ಪಾಣತ್ತೂರಿನಿಂದ ಕರಿಕೆಯ ಮೇಲೆ ಭಾಗಮಂಡಲಕ್ಕೆ ಹೋಗುವ ದಾರಿಯೂ ಅಂಥದ್ದೇ. ಗಾಡಿ ಯಾವ ದಾರಿಯಲ್ಲಿ, ಏನು ಹೊತ್ತು, ಎಷ್ಟು ದುಡಿಯುತ್ತದೆ ಎಂದು ಚಾಲಕನ ಹತ್ತಿರ ಚಹಾ ಕುಡಿಯುತ್ತ ಕೇಳಿ ತಿಳಿಯುವುದು ಯಾವ ಗೇಜಿಗೂ ಕಡಿಮೆಯಲ್ಲದ ಪರೀಕ್ಷೆ.

ಬಿಚ್ಚುವಾಗ

ಬಿಚ್ಚುವುದು ಒಡೆಯುವ ಕೆಲಸವಲ್ಲ, ಓದುವ ಕೆಲಸ. ಮೇನ್ ಬೇರಿಂಗ್ ಕ್ಯಾಪುಗಳಿಗೂ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳಿಗೂ ಅವುಗಳ ಕ್ಯಾಪುಗಳಿಗೂ ಸಿಲಿಂಡರ್ ನಂಬರು ಮತ್ತು ದಿಕ್ಕಿನ ಗುರುತು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಬಿಚ್ಚುವ ಮೊದಲೇ ಹಾಕಿಕೊಳ್ಳಬೇಕು. ಕ್ಯಾಪು ಮತ್ತು ರಾಡು ಕಾರ್ಖಾನೆಯಲ್ಲಿ ಒಟ್ಟಿಗೇ ಬೋರ್ ಆದ ಜೋಡಿಯಾದುದರಿಂದ ಒಂದರ ಕ್ಯಾಪು ಇನ್ನೊಂದಕ್ಕೆ ಹೋದರೆ ರಂಧ್ರ ದುಂಡಗೆ ಉಳಿಯುವುದಿಲ್ಲ. ಒಡೆದು ಜೋಡಿಸಿದ ಬಗೆಯ ಹೊಸ ರಾಡುಗಳಲ್ಲಂತೂ ತುಂಡಾದ ಮೈಗಳೇ ಒಂದಕ್ಕೊಂದು ಹಲ್ಲು ಕಚ್ಚಿ ಕೂರಬೇಕಾದ್ದರಿಂದ ಬೆರಕೆಗೆ ಅವಕಾಶವೇ ಇಲ್ಲ. ಟೈಮಿಂಗ್ ಗೇರುಗಳ ಗುರುತು, ಪೈಪುಗಳು ಹೋಗುವ ದಾರಿ, ಬ್ರಾಕೆಟ್ಟುಗಳು ಕೂರುವ ಕ್ರಮ ಇವುಗಳನ್ನು ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಂಡರೆ ಜೋಡಿಸುವ ದಿನ ತಲೆ ಕೆರೆದುಕೊಳ್ಳುವ ಕೆಲಸ ತಪ್ಪುತ್ತದೆ.

ಹಳೆಯ ಬೇರಿಂಗುಗಳನ್ನು ತೆಗೆದ ತಕ್ಷಣ ಗುಜರಿ ಡಬ್ಬಕ್ಕೆ ಎಸೆಯುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಬಾರದು. ಅವುಗಳನ್ನು ಬ್ಲಾಕಿನಲ್ಲಿದ್ದ ಕ್ರಮದಲ್ಲಿಯೇ ಹಲಗೆಯ ಮೇಲೆ ಸಾಲಾಗಿ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಉದ್ದುದ್ದ ಗೀರುಗಳಿದ್ದರೆ ಆಯಿಲಿನಲ್ಲಿ ಕಸ ಓಡಿದೆ. ಮೇಲ್ಪದರ ಒರೆಸಿ ಹೋಗಿ ತಾಮ್ರದ ಬಣ್ಣ ಹೊಳೆಯುತ್ತಿದ್ದರೆ ಆಯಿಲ್ ಸಾಲದೆ ಹೋಗಿದೆ ಅಥವಾ ನೀರೋ ಡೀಸೆಲ್ಲೋ ಸೇರಿ ತೆಳುವಾಗಿದೆ. ಒಂದು ಬದಿಯ ಅಂಚು ಮಾತ್ರ ಸವೆದಿದ್ದರೆ ರಾಡು ಬಾಗಿದೆ. ನಡುವಿನ ಮೇನ್ ಬೇರಿಂಗುಗಳು ಕೊನೆಯವುಗಳಿಗಿಂತ ಹೆಚ್ಚು ಸವೆದಿದ್ದರೆ ಕ್ರ್ಯಾಂಕಾಗಲಿ ಬ್ಲಾಕಿನ ಮೇನ್ ಬೋರುಗಳ ಸಾಲಾಗಲಿ ನೇರವಾಗಿಲ್ಲ. ಕ್ರ್ಯಾಂಕು ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರು ಒಂದೇ ಬದಿ ಸವೆದಿದ್ದರೆ ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸವಿದೆಯೇ ಎಂದು ಚಾಲಕನನ್ನು ವಿಚಾರಿಸಬೇಕು. ಅವನು ಇಲ್ಲವೆನ್ನುತ್ತಾನೆ, ವಾಷರು ಹೌದೆನ್ನುತ್ತದೆ.

ಬ್ಲಾಕ್, ಲೈನರ್ ಮತ್ತು ಅಳತೆ

ಇಲ್ಲಿಂದ ಮುಂದೆ ಕಣ್ಣಳತೆಗೆ ಬೆಲೆಯಿಲ್ಲ. ಒಳ್ಳೆಯ ಮೈಕ್ರೋಮೀಟರ್, ಬೋರ್ ಗೇಜ್, ಮ್ಯಾಗ್ನೆಟಿಕ್ ಸ್ಟ್ಯಾಂಡಿನ ಡಯಲ್ ಗೇಜ್, ನೇರ ಅಂಚಿನ ಉಕ್ಕಿನ ಪಟ್ಟಿ, ಸಂದು ಅಳೆಯುವ ಫೀಲರ್ ಗೇಜ್, ಬೋಲ್ಟು ಬಿಗಿಯುವ ಬಲ (ಟಾರ್ಕ್) ತೋರಿಸುವ ಟಾರ್ಕ್ ರೆಂಚ್, ಇಷ್ಟಿಲ್ಲದ ಶೆಡ್ಡಿಗೆ ಪೂರ್ತಿ ಎಂಜಿನ್ ಕೆಲಸ ಕೊಡಬೇಡಿ ಎಂದು ನಾನು ಮುಲಾಜಿಲ್ಲದೆ ಹೇಳುತ್ತೇನೆ. ಯಾವ ಎಂಜಿನ್ನಿಗೆ ಎಷ್ಟು ಸವೆತ ನಡೆಯುತ್ತದೆ ಎಂಬುದು ಆಯಾ ಕಂಪನಿಯ ಮ್ಯಾನುವಲ್ಲಿನಲ್ಲಿರುತ್ತದೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬಾರದು. ನಮ್ಮ ರಸ್ತೆಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಟಾಟಾ 697 ಎಂಜಿನ್ನಿನ ಬೋರು (ಸಿಲಿಂಡರಿನ ಒಳ ವ್ಯಾಸ) 97 ಮಿ.ಮೀ., ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 128 ಮಿ.ಮೀ. ಕಮಿನ್ಸ್ 5.9 ಲೀಟರಿನ ಬಿ ಸರಣಿಯದು 102 ಮತ್ತು 120. ಈ ಎರಡನೆಯದರಲ್ಲಿ ಪ್ರತ್ಯೇಕ ಲೈನರೇ ಇಲ್ಲ, ಬ್ಲಾಕಿನ ಮೈಯಲ್ಲಿಯೇ ಪಿಸ್ಟನ್ ಓಡುತ್ತದೆ. ಆದ್ದರಿಂದ ಒಂದರಲ್ಲಿ ಕಲಿತ ಕೈಚಳಕ ಇನ್ನೊಂದರಲ್ಲಿ ತಪ್ಪಾಗಬಹುದು.

ಪ್ರತಿ ಬೋರನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಕ್ರ್ಯಾಂಕಿನ ಉದ್ದಕ್ಕೂ ಅಡ್ಡಕ್ಕೂ ಅಳೆದು ಆರು ಅಂಕಿ ಬರೆದುಕೊಳ್ಳಬೇಕು. ಪಿಸ್ಟನ್ ಮೇಲೆ ನಿಂತು ತಿರುಗುವ ಜಾಗದಲ್ಲಿ, ಮೊದಲನೆಯ ರಿಂಗು ತಾಗುವಲ್ಲಿ, ಸವೆತ ಅತಿ ಹೆಚ್ಚು. ಬೆರಳಾಡಿಸಿದರೆ ಅಲ್ಲೊಂದು ಮೆಟ್ಟಿಲು ಸಿಗುತ್ತದೆ. ಧೂಳು ತಿಂದ ಎಂಜಿನ್ನಿನಲ್ಲಿ ಆ ಮೆಟ್ಟಿಲು ಆಳವಾಗಿರುತ್ತದೆ, ರಿಂಗುಗಳೂ ಬ್ಲೇಡಿನಂತೆ ಚೂಪಾಗಿ ತೆಳುವಾಗಿರುತ್ತವೆ.

ಹೊರಮೈಗೆ ನೇರವಾಗಿ ನೀರು ತಾಗುವ ವೆಟ್ ಲೈನರಿನ ಎಂಜಿನ್ನಾದರೆ ಲೈನರಿನ ಹೊರಮೈಯನ್ನೂ ನೋಡಬೇಕು. ಪಿಸ್ಟನ್ ಒತ್ತುವ ಬದಿಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳ ಸಾಲು ಕಂಡರೆ, ಲೈನರ್ ನಡುಗಿದಾಗ ನೀರಿನಲ್ಲೇಳುವ ಗುಳ್ಳೆಗಳು ಒಡೆದು ಲೋಹವನ್ನು ಕಿತ್ತಿವೆ ಎಂದರ್ಥ. ಇದಕ್ಕೆ ಹೊಸ ಲೈನರು ಮಾತ್ರ ಮದ್ದಲ್ಲ. ಖನಿಜ ತೆಗೆದ ನೀರಿನಲ್ಲಿ ಸರಿಯಾದ ಪ್ರಮಾಣದ ಕೂಲೆಂಟ್ ಬೆರೆಸದಿದ್ದರೆ ಅದೂ ಹಾಗೆಯೇ ತೂತಾಗುತ್ತದೆ. ಬಾವಿಯ ಸವುಳು ನೀರಿನ ಮಾತನ್ನು ಹೇಳಿದ್ದು ಇದಕ್ಕಾಗಿಯೇ.

ಲೈನರ್ ಕೂರಿಸಿದ ಮೇಲೆ ಅದರ ಅಂಚು ಬ್ಲಾಕಿನ ಮೈಯಿಂದ ಎಷ್ಟು ಮೇಲೆ ನಿಂತಿದೆ ಎಂದು ಡಯಲ್ ಗೇಜಿನಿಂದ ನಾಲ್ಕು ಕಡೆ ಅಳೆಯಬೇಕು. ಹೆಚ್ಚಿನ ವೆಟ್ ಲೈನರ್ ಎಂಜಿನ್ನುಗಳಲ್ಲಿ ಇದು ಮಿಲಿಮೀಟರಿನ ನೂರರಲ್ಲಿ ಕೆಲವೇ ಅಂಶಗಳಷ್ಟಿರುತ್ತದೆ. ಲೈನರ್ ತಗ್ಗಿ ಕೂತರೆ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ಟು ಬೆಂಕಿಯನ್ನು ತಡೆಯುವುದಿಲ್ಲ, ಒಂದು ಮಾತ್ರ ಎತ್ತರಕ್ಕೆ ನಿಂತರೆ ಪಕ್ಕದವುಗಳಿಗೆ ಒತ್ತು ಸಿಗುವುದಿಲ್ಲ. ಹೆಡ್ ಗ್ಯಾಸ್ಕೆಟ್ ಪದೇಪದೇ ಹೋಗುತ್ತದೆ ಎಂದು ಅಳುವ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವುದು ಇಲ್ಲಿಗೇ. ಬ್ಲಾಕಿನ ಮೈಯೂ ಹೆಡ್ಡಿನ ಮೈಯೂ ಸಮವಾಗಿವೆಯೇ ಎಂದು ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜಿನಿಂದ ನೋಡುವುದು ಇದರ ಜೊತೆಗಿನ ಕೆಲಸ.

ಕ್ರ್ಯಾಂಕ್ ಮತ್ತು ರಾಡು

ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕಳಿಸುವ ಮೊದಲು ಬಿರುಕು ಪರೀಕ್ಷೆ ಮಾಡಿಸಬೇಕು. ಬಿರುಕು ಬಿಟ್ಟ ಕ್ರ್ಯಾಂಕಿಗೆ ಗ್ರೈಂಡಿಂಗ್ ಹಣ ಸುರಿಯುವುದು ಹುಣಸೆಹಣ್ಣು ಹೊಳೆಯಲ್ಲಿ ಕಲಸಿದ ಹಾಗೆ. ಕಾಂತೀಯ ಪುಡಿಯಿಂದ ಪರೀಕ್ಷಿಸುವ ಯಂತ್ರ ಇರುವ ಕಡೆಗೇ ಕೊಡಿ. ನಮ್ಮ ಕಡೆಯವರು ಇಂಥ ಕೆಲಸಕ್ಕೆ ತಲಪಾಡಿ ದಾಟಿ ಮಂಗಳೂರಿಗೆ ಒಯ್ಯುವುದೇ ಹೆಚ್ಚು. ಹೋದಾಗ ಜರ್ನಲುಗಳ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ದುಂಡು ಭಾಗಗಳ) ಅಳತೆಯನ್ನು ನೀವೇ ತೆಗೆದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು, ಮರಳಿ ತರುವಾಗ ಅವರ ಎದುರಿನಲ್ಲಿಯೇ ಮತ್ತೊಮ್ಮೆ ಅಳೆಯಬೇಕು. ಇದರಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ, ಒಳ್ಳೆಯ ಯಂತ್ರದವರು ಬೇಸರಪಡುವುದೂ ಇಲ್ಲ.

ಗ್ರೈಂಡಿಂಗಿನ ಹತ್ತು, ಇಪ್ಪತ್ತು, ಮೂವತ್ತರ ಸೈಜು ಎಂದರೆ ಇಂಚಿನ ಸಾವಿರದ ಲೆಕ್ಕ. ಮಿಲಿಮೀಟರಿನಲ್ಲಿ ಸುಮಾರು 0.25, 0.50, 0.75. ಸೈಜಿಗಿಂತ ಮುಖ್ಯವಾದದ್ದು ಎರಡು. ಒಂದು, ಜರ್ನಲಿನ ಎರಡೂ ಕೊನೆಗಳಲ್ಲಿ ಗೋಡೆಯನ್ನು ಸೇರುವ ಮೂಲೆಯ ಗುಂಡು ತಿರುವು. ಗ್ರೈಂಡಿಂಗ್ ಕಲ್ಲಿನ ಅಂಚು ಚೂಪಾಗಿದ್ದು ಈ ತಿರುವನ್ನು ಕೊರೆದು ಮೂಲೆ ಮಾಡಿಬಿಟ್ಟರೆ ಒತ್ತಡವೆಲ್ಲ ಅಲ್ಲಿಯೇ ಸೇರುತ್ತದೆ, ಒಂದು ದಿನ ಘಾಟಿಯ ನಡುವೆ ಕ್ರ್ಯಾಂಕು ಅಲ್ಲಿಂದಲೇ ತುಂಡಾಗುತ್ತದೆ. ಎರಡು, ಮೇಲ್ಮೈಯ ಗಡಸು. ನೈಟ್ರೈಡಿಂಗ್ ಮಾಡಿದ (ಮೈಗೆ ಸಾರಜನಕ ಹೀರಿಸಿ ಗಡಸು ಮಾಡಿದ) ಕ್ರ್ಯಾಂಕಿನ ಗಡಸು ಪದರ ಬಹಳ ತೆಳು. ಗ್ರೈಂಡಿಂಗಿನಲ್ಲಿ ಅದು ಹೋದರೆ ಮತ್ತೆ ನೈಟ್ರೈಡ್ ಮಾಡಿಸದೆ ಹಾಕಬಾರದು. ಇಂಡಕ್ಷನ್ನಿನಿಂದ (ವಿದ್ಯುತ್ತಿನಿಂದ ಮೈ ಕಾಯಿಸಿ ತಣಿಸಿ) ಗಡಸು ಮಾಡಿದ್ದಕ್ಕೆ ಪದರ ಆಳವಿರುವುದರಿಂದ ಸ್ವಲ್ಪ ಅವಕಾಶವಿದೆ.

ಕ್ರ್ಯಾಂಕಿನ ಮುಂದಿನ ಡ್ಯಾಂಪರ್ ಪುಲ್ಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರು ಸಿಲಿಂಡರಿನ ಉದ್ದನೆಯ ಕ್ರ್ಯಾಂಕು ಓಡುವಾಗ ಹಗ್ಗದಂತೆ ಹುರಿಗೊಳ್ಳುತ್ತ ಬಿಚ್ಚಿಕೊಳ್ಳುತ್ತ ಇರುತ್ತದೆ, ಆ ನಡುಕವನ್ನು ನುಂಗುವುದೇ ಡ್ಯಾಂಪರಿನ ರಬ್ಬರಿನ ಕೆಲಸ. ರಬ್ಬರು ಉಬ್ಬಿ ಹೊರಗೆ ಬಂದಿದ್ದರೆ, ಬಿರುಕು ಬಿಟ್ಟಿದ್ದರೆ, ಒಳ ಚಕ್ರ ಮತ್ತು ಹೊರ ಚಕ್ರದ ಗುರುತುಗಳು ಜಾರಿದ್ದರೆ ಹೊಸದನ್ನೇ ಹಾಕಬೇಕು. ಗಟ್ಟಿಮುಟ್ಟಾದ ಎಂಜಿನ್ ಬೇಕೆಂದು ಬರುವವರಿಗೆ ನಾನು ಮೊದಲು ಕೊಳ್ಳಲು ಹೇಳುವ ಸಾಮಾನು ಇದು.

ರಾಡುಗಳ ಬಾಗು, ತಿರುಚು ಎರಡನ್ನೂ ಜಿಗ್ಗಿನ ಮೇಲೆ ಪರೀಕ್ಷಿಸಿ, ಮೇಲಿನ ಬುಶ್ಶು ಬದಲಿಸಿ, ಆರನ್ನೂ ತೂಗಿ ನೋಡಬೇಕು. ಪಿಸ್ಟನ್ನುಗಳದ್ದೂ ಹಾಗೆಯೇ. ತೂಕದ ವ್ಯತ್ಯಾಸ ಮ್ಯಾನುವಲ್ಲಿನ ಮಿತಿಯನ್ನು ದಾಟಿದರೆ ಸೆಟ್ಟು ಹಿಂದಿರುಗಿಸಿ. ರಾಡಿನ ಬೋಲ್ಟುಗಳು ಮಾತ್ರ ಯಾವಾಗಲೂ ಹೊಸವು. ಒಂದು ರಾಡು ಕಿತ್ತು ಬ್ಲಾಕಿನಿಂದ ಹೊರಗೆ ಬಂದರೆ ಆಗುವ ಖರ್ಚಿನ ಎದುರು ಆ ಬೋಲ್ಟುಗಳ ಬೆಲೆ ಏನೂ ಅಲ್ಲ.

ತೊಳೆಯುವುದು

ನೋಡುವವರಿಗೆ ಹುಡುಗರ ಕೆಲಸವೆನಿಸುವ ಈ ಹಂತವನ್ನು ನಾನು ಬೇರೆಯವರಿಗೆ ಬಿಡುವುದಿಲ್ಲ. ಬ್ಲಾಕಿನ ಆಯಿಲ್ ದಾರಿಗಳ ಕೊನೆಯಲ್ಲಿರುವ ಪ್ಲಗ್ಗುಗಳನ್ನೆಲ್ಲ ತೆಗೆದು, ಉದ್ದನೆಯ ಬ್ರಶ್ಶು ಹಾಯಿಸಿ, ಪ್ರೆಶರಿನಲ್ಲಿ ತೊಳೆದು, ಗಾಳಿ ಹೊಡೆಯಬೇಕು. ಪ್ಲಗ್ಗು ಬಿಗಿಯಾಗಿದೆ ಎಂದು ಹಾಗೆಯೇ ಬಿಟ್ಟರೆ ಅದರ ಹಿಂದೆ ಕೂತ ಕೆಸರು ಮೊದಲ ಬಿಸಿ ಆಯಿಲಿಗೆ ಕರಗಿ ನೇರವಾಗಿ ಹೊಸ ಬೇರಿಂಗಿಗೆ ಹೋಗುತ್ತದೆ. ಕ್ರ್ಯಾಂಕಿನ ಒಳಗಿನ ಓರೆ ತೂತುಗಳಿಗೂ ಇದೇ ಉಪಚಾರ, ಏಕೆಂದರೆ ಗ್ರೈಂಡಿಂಗಿನ ಪುಡಿ ಅಲ್ಲಿ ಅಡಗಿರುತ್ತದೆ.

ಹೋನಿಂಗ್ ಆದ (ಕಲ್ಲಿನಿಂದ ಉಜ್ಜಿ ಸಣ್ಣ ಗೆರೆ ಮೂಡಿಸಿದ) ಬೋರನ್ನು ಸೀಮೆಎಣ್ಣೆಯಿಂದಲೋ ಡೀಸೆಲ್ಲಿನಿಂದಲೋ ಒರೆಸಿ ಬಿಡುವವರೇ ಹೆಚ್ಚು. ಎಣ್ಣೆ ಹೋನಿಂಗ್ ಕಲ್ಲಿನ ಪುಡಿಯನ್ನು ಎತ್ತುವುದಿಲ್ಲ, ಗೆರೆಗಳ ಒಳಕ್ಕೆ ಇನ್ನಷ್ಟು ತಳ್ಳುತ್ತದೆ. ಬಿಸಿನೀರು, ಬಟ್ಟೆ ಒಗೆಯುವ ಸಾಬೂನಿನ ಪುಡಿ ಮತ್ತು ಗಡುಸಾದ ನೈಲಾನ್ ಬ್ರಶ್ಶಿನಿಂದ, ಪಾತ್ರೆ ಉಜ್ಜಿದ ಹಾಗೆ ಉಜ್ಜಬೇಕು. ಆಮೇಲೆ ಬಿಳಿ ಪಂಚೆಯ ತುಂಡಿಗೆ ಶುದ್ಧ ಆಯಿಲ್ ಹಚ್ಚಿ ಬೋರಿನೊಳಗೆ ಒರೆಸಿ ನೋಡಿ. ಮೊದಲ ಸಲ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ, ಮತ್ತೆ ತೊಳೆಯಿರಿ. ಎರಡನೆಯ ಸಲವೂ ಅಂಚಿನಲ್ಲಿ ಬೂದು ಛಾಯೆ ಇರುತ್ತದೆ, ಮತ್ತೆ ತೊಳೆಯಿರಿ. ಒರೆಸಿದ ಬಟ್ಟೆ ಆಯಿಲಿನ ಹೊಂಬಣ್ಣವಲ್ಲದೆ ಬೇರೆ ಬಣ್ಣ ತೋರಿಸದಿರುವ ತನಕ ನಿಲ್ಲಿಸಬಾರದು. ನಮ್ಮಲ್ಲಿ ನಾಲ್ಕನೆಯ ಸಲಕ್ಕೆ ಮುಗಿದರೆ ಆ ದಿನ ಅದೃಷ್ಟ ಎನ್ನುತ್ತೇವೆ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯ ಗಾಳಿಯಲ್ಲಿ, ತೊಳೆದು ಒಣಗಿಸಿದ ಬೋರು ಒಂದೇ ರಾತ್ರಿಯಲ್ಲಿ ತುಕ್ಕಿನ ಕೆಂಪು ಹಿಡಿಯುತ್ತದೆ. ಒಣಗಿದ ಕ್ಷಣವೇ ಆಯಿಲ್ ಸವರಿ ಬ್ಲಾಕಿಗೆ ಪ್ಲಾಸ್ಟಿಕ್ ಹೊದೆಸಬೇಕು, ಕ್ರ್ಯಾಂಕಿನ ಜರ್ನಲುಗಳನ್ನು ಆಯಿಲ್ ಕಾಗದದಲ್ಲಿ ಸುತ್ತಬೇಕು. ಬರಿ ಕೈಯ ಬೆವರು ತಾಗಿದಲ್ಲಿಯೂ ಬೆರಳಚ್ಚಿನ ಆಕಾರದಲ್ಲಿ ತುಕ್ಕು ಏಳುತ್ತದೆ.

ಹಿಂದಿನ ಸಲ ಬೇರಿಂಗ್ ಕಡಿದು ಹೋದ ಎಂಜಿನ್ನಾದರೆ ಆಯಿಲ್ ಕೂಲರನ್ನು ಬದಲಿಸಿಯೇ ಬಿಡುವುದು ಲೇಸು. ಅದರ ಸಂದುಗಳಲ್ಲಿ ಸಿಕ್ಕಿಕೊಂಡ ಲೋಹದ ಚೂರುಗಳನ್ನು ಪೂರ್ತಿಯಾಗಿ ತೊಳೆದು ತೆಗೆಯುವ ಉಪಾಯ ನನಗೆ ಇದುವರೆಗೆ ಸಿಕ್ಕಿಲ್ಲ.

ಜೋಡಣೆ

ಬೇರಿಂಗ್ ಕೂರುವ ಮೈ ಮತ್ತು ಬೇರಿಂಗಿನ ಬೆನ್ನು ಎರಡೂ ಒಣಗಿರಬೇಕು, ಒಳಮೈಗೆ ಮಾತ್ರ ಆಯಿಲ್. ಆಯಿಲ್ ತೂತುಗಳು ಒಂದಕ್ಕೊಂದು ಸರಿಯಾಗಿ ಎದುರಾಗಿವೆಯೇ ಎಂದು ನೋಡದೆ ಕ್ರ್ಯಾಂಕು ಇಳಿಸಬಾರದು. ಬೇರಿಂಗಿಗೂ ಜರ್ನಲಿಗೂ ನಡುವಿನ ಬಿಡುವು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೇಣದ ಎಳೆಯನ್ನು ಜರ್ನಲಿನ ಮೇಲಿಟ್ಟು, ಕ್ಯಾಪು ಪೂರ್ತಿ ಟಾರ್ಕಿಗೆ ಬಿಗಿದು, ಕ್ರ್ಯಾಂಕು ತಿರುಗಿಸದೆ ಮತ್ತೆ ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂದು ಪಟ್ಟಿಯೊಂದಿಗೆ ಹೋಲಿಸಬಹುದು. ಸಾಮಾನ್ಯ ಅಂದಾಜೆಂದರೆ ಜರ್ನಲಿನ ವ್ಯಾಸದ ಸಾವಿರದ ಒಂದು ಪಾಲು, 70 ಮಿ.ಮೀ. ಜರ್ನಲಿಗೆ 0.07 ಮಿ.ಮೀ. ಆಸುಪಾಸು. ಬಿಗಿ ಇದ್ದರೆ ಒಳ್ಳೆಯದೆಂಬ ನಂಬಿಕೆ ನಮ್ಮ ಫಿಟ್ಟರುಗಳಲ್ಲಿ ಇನ್ನೂ ಇದೆ. ಬಿಡುವಿಲ್ಲದ ಕಡೆ ಆಯಿಲಿನ ಪದರ ನಿಲ್ಲುವುದಿಲ್ಲ. ಕ್ರ್ಯಾಂಕನ್ನು ಪೂರ್ತಿ ಬಿಗಿದ ಮೇಲೆ ಕೈಯಿಂದ ತಿರುಗಿಸಿದರೆ ಒಂದೇ ಹದದಲ್ಲಿ, ಎಲ್ಲಿಯೂ ತಡೆಯದೆ ತಿರುಗಬೇಕು.

ಪ್ರತಿ ರಿಂಗನ್ನು ಅದೇ ಸಿಲಿಂಡರಿನ ಬೋರಿಗೆ ಹಾಕಿ, ಪಿಸ್ಟನ್ನಿನಿಂದ ತಳ್ಳಿ ಚೌಕವಾಗಿ ನಿಲ್ಲಿಸಿ, ಬಾಯಿಯ ಬಿಡುವನ್ನು ಫೀಲರ್ ಗೇಜಿನಿಂದ ಅಳೆಯಬೇಕು. 97 ಮಿ.ಮೀ. ಬೋರಿಗೆ ಮೊದಲನೆಯ ರಿಂಗಿನ ಬಾಯಿ ಅಂದಾಜು 0.30ರಿಂದ 0.45 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಸರಿ. ತೀರ ಕಡಿಮೆಯಿದ್ದರೆ ಘಾಟಿಯ ಬಿಸಿಗೆ ರಿಂಗು ಹಿಗ್ಗಿ ಬಾಯಿ ಮುಚ್ಚಿ ಬೋರನ್ನು ಗೀರುತ್ತದೆ. ಗುರುತಿರುವ ಮೈ ಮೇಲಕ್ಕೆ ಬರಬೇಕು, ಬಾಯಿಗಳು ಒಂದರ ಕೆಳಗೊಂದು ಬರದಂತೆ ತಿರುಗಿಸಿಡಬೇಕು. ಪಿಸ್ಟನ್ನಿನ ಕೆಳಗೆ ಆಯಿಲ್ ಚಿಮ್ಮುವ ಜೆಟ್ಟುಗಳಿರುವ ಟರ್ಬೋ ಎಂಜಿನ್ನಾದರೆ, ರಾಡು ಇಳಿಸುವಾಗ ಅವುಗಳಿಗೆ ತಾಗಿ ಬಾಗದಂತೆ ಕಣ್ಣಿಟ್ಟಿರಬೇಕು. ಬಾಗಿದ ಜೆಟ್ಟಿನ ಪಿಸ್ಟನ್ ತಣಿಯದೆ ಕರಗುತ್ತದೆ.

ಹೆಡ್ಡನ್ನು ನೀರಿನ ಪ್ರೆಶರ್ ಪರೀಕ್ಷೆಗೆ ಒಡ್ಡಿ, ಎರಡು ವಾಲ್ವುಗಳ ನಡುವಿನ ಸೇತುವೆಯಲ್ಲಿ ಬಿರುಕಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆಯೇ ಗೈಡು, ಸೀಟಿನ ಕೆಲಸ. ಹೆಡ್ಡಿನ ಮೈ ಕೆತ್ತಿಸಿದರೆ ವಾಲ್ವಿನ ಆಳವೂ ನಾಝಲ್ ಹೊರಗೆ ಚಾಚುವ ಅಳತೆಯೂ ಬದಲಾಗುತ್ತವೆ, ಎರಡನ್ನೂ ಮತ್ತೆ ನೋಡಬೇಕು. ಪಿಸ್ಟನ್ ಮೇಲೆ ಬಂದಾಗ ಬ್ಲಾಕಿನಿಂದ ಎಷ್ಟು ಚಾಚುತ್ತದೆ ಎಂದು ಅಳೆದು, ದಪ್ಪದ ಆಯ್ಕೆ ಇರುವ ಎಂಜಿನ್ನುಗಳಲ್ಲಿ ಅದಕ್ಕೆ ತಕ್ಕ ಗ್ಯಾಸ್ಕೆಟ್ಟನ್ನೇ ಹಾಕಬೇಕು.

ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಸುರುಳಿಯಂತೆ, ಮ್ಯಾನುವಲ್ ಹೇಳಿದಷ್ಟು ಹಂತಗಳಲ್ಲಿ ಬಿಗಿಯಬೇಕು. ಬೋಲ್ಟಿನ ಮರೆಗೆ (ಸುತ್ತುಗೆರೆಗಳಿಗೆ) ಆಯಿಲ್ ಹಚ್ಚದಿದ್ದರೆ ಟಾರ್ಕು ತಿಕ್ಕಾಟದಲ್ಲಿಯೇ ಖರ್ಚಾಗಿ ಗ್ಯಾಸ್ಕೆಟ್ಟಿಗೆ ಒತ್ತು ತಲುಪುವುದಿಲ್ಲ, ತೂತಿನ ತಳದಲ್ಲಿ ಆಯಿಲೋ ನೀರೋ ತುಂಬಿದ್ದರೆ ಬ್ಲಾಕು ಸೀಳುತ್ತದೆ. ಕೊನೆಯಲ್ಲಿ ಕೋನದ ಲೆಕ್ಕದಲ್ಲಿ ತಿರುಗಿಸುವ ಬೋಲ್ಟುಗಳು ಎಳೆದು ಉದ್ದವಾಗುವುದರಿಂದ, ಮರುಬಳಕೆಗೆ ಮ್ಯಾನುವಲ್ ಕೊಟ್ಟ ಉದ್ದದ ಮಿತಿ ಮೀರಿದವನ್ನು ಎಸೆಯಬೇಕು. ಒಬ್ಬರು ಬಿಗಿಯುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ನಂಬರು ಕೂಗಿ ಚಾಕ್‌ನಿಂದ ಗುರುತು ಹಾಕುವ ಪದ್ಧತಿ ನಮ್ಮಲ್ಲಿದೆ. ಆ ಹೊತ್ತಿನಲ್ಲಿ ಫೋನ್ ತೆಗೆಯುವುದಕ್ಕೆ ಅನುಮತಿಯಿಲ್ಲ.

ಪಂಪು, ಟರ್ಬೋ, ನೀರು

ಗಟ್ಟಿ ಎಂಜಿನ್ ಎಂದರೆ ಹೆಚ್ಚು ಎಳೆಯುವ ಎಂಜಿನ್ ಎಂದು ತಿಳಿದು, ಪಂಪಿನಲ್ಲಿ ಡೀಸೆಲ್ ಏರಿಸಿ ಕೊಡಿ ಎಂದು ಕೇಳುವ ಮಾಲೀಕರಿದ್ದಾರೆ. ಗಾಳಿಗೆ ಮೀರಿದ ಡೀಸೆಲ್ ಹಾಕಿದರೆ ಏರಿನಲ್ಲಿ ಎಕ್ಸಾಸ್ಟಿನ ಬಿಸಿ ಏರುತ್ತದೆ, ಪಿಸ್ಟನ್ನಿನ ತಲೆ, ವಾಲ್ವು, ಟರ್ಬೋ ಮೂರೂ ಅದನ್ನು ತಡೆಯಬೇಕಾಗುತ್ತದೆ, ಉಳಿದ ಡೀಸೆಲ್ ಬೋರಿನ ಆಯಿಲನ್ನು ತೊಳೆದುಕೊಂಡು ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಪಂಪನ್ನು ಟೆಸ್ಟ್ ಬೆಂಚಿನಲ್ಲಿ ಕಂಪನಿಯ ಅಳತೆಗೇ ಹೊಂದಿಸಿ, ಆರೂ ನಾಝಲುಗಳ ಪ್ರೆಶರ್ ಮತ್ತು ತುಂತುರನ್ನು ಪರೀಕ್ಷಿಸಿ ಹಾಕುವುದೇ ಬಾಳಿಕೆಯ ದಾರಿ. 2020ರ ಏಪ್ರಿಲಿನ ನಂತರ ನೋಂದಣಿಯಾದ ಬಿಎಸ್-6 (ಹೊಗೆ ಮಿತಿಯ ಸರಕಾರಿ ದರ್ಜೆ) ಗಾಡಿಗಳಲ್ಲಂತೂ ಪಂಪು, ನಾಝಲ್, ಎಕ್ಸಾಸ್ಟ್ ಮೂರೂ ಕಂಪ್ಯೂಟರಿನ ಕೈಯಲ್ಲಿರುವುದರಿಂದ ಈ ಆಸೆಯನ್ನು ಬಿಡುವುದೇ ವಾಸಿ.

ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮ ಸೆಕೆಯ ನಾಡಿನ ಇನ್ನೊಂದು ಚಟ. ಅದಿಲ್ಲದ ಎಂಜಿನ್ ಮಳೆಗಾಲದಲ್ಲಿ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಆಯಿಲಿನಲ್ಲಿ ಕೆಸರು ಕಟ್ಟುತ್ತದೆ, ಬೋರು ಬೇಗ ಸವೆಯುತ್ತದೆ. ಕೆಲವು ವಿನ್ಯಾಸಗಳಲ್ಲಿ ಬೈಪಾಸ್ ದಾರಿ ತೆರೆದೇ ಉಳಿದು ನೀರು ರೇಡಿಯೇಟರಿಗೆ ಹೋಗದೆ ಇನ್ನಷ್ಟು ಕುದಿಯುತ್ತದೆ. ಹೊಸ ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ತೂಗಿಬಿಟ್ಟು, ತೆರೆಯುವುದನ್ನು ಕಣ್ಣಿನಿಂದ ನೋಡಿ ಹಾಕಿ. ರೇಡಿಯೇಟರಿನ ಕೊಳವೆಗಳಿಗೆ ಕಂಬಿ ಹಾಯಿಸಿ ಸ್ವಚ್ಛ ಮಾಡಿಸಿ, ಗಾಳಿಯ ಹೋಸುಗಳನ್ನೂ ಕ್ಲಿಪ್ಪುಗಳನ್ನೂ ಹೊಸದಾಗಿಯೇ ಹಾಕಿ. ಈ ಕೊನೆಯ ಮಾತನ್ನು ಯಾಕೆ ಹೇಳುತ್ತೇನೆಂದು ಮೇಲಿನಿಂದ ಓದಿದವರಿಗೆ ಗೊತ್ತು.

ಬ್ಲಾಕನ್ನೇ ಬದಲಿಸಬೇಕಾಗಿ ಬಂದರೆ ಎಂಜಿನ್ ನಂಬರು ಬದಲಾಗುತ್ತದೆ. ಕಾಸರಗೋಡಿನ ಕೆಎಲ್-14 ಆಗಲಿ ಮಂಗಳೂರಿನ ಕೆಎ-19 ಆಗಲಿ, ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಅದನ್ನು ಸೇರಿಸಿಕೊಳ್ಳದೆ ರಸ್ತೆಗಿಳಿಸಬಾರದು. ಹಳೆಯ ಬ್ಲಾಕು ಕೊಂಡದ್ದಕ್ಕೆ ಬಿಲ್ಲು ಕೇಳಿ ಇಟ್ಟುಕೊಳ್ಳಿ.

ಮೊದಲ ಸ್ಟಾರ್ಟು ಮತ್ತು ಮೊದಲ ಸಾವಿರ ಕಿಲೋಮೀಟರು

ಡೀಸೆಲ್ ನಿಲ್ಲಿಸಿಟ್ಟು, ಆಯಿಲ್ ಫಿಲ್ಟರು ತುಂಬಿ, ಗೇಜಿನಲ್ಲಿ ಪ್ರೆಶರ್ ಏಳುವ ತನಕ ಸ್ಟಾರ್ಟರಿನಿಂದ ಬಿಟ್ಟುಬಿಟ್ಟು ತಿರುಗಿಸಬೇಕು. ಟರ್ಬೋದ ಆಯಿಲ್ ಪೈಪಿನಿಂದಲೂ ಸ್ವಲ್ಪ ಶುದ್ಧ ಆಯಿಲ್ ಹುಯ್ಯಬೇಕು. ಸ್ಟಾರ್ಟ್ ಆದ ಮೇಲೆ ಪ್ರೆಶರ್ ನೋಡಿ, ಸೋರಿಕೆ ನೋಡಿ, ಬಿಸಿಯಾಗುತ್ತಲೇ ಗಾಡಿಯನ್ನು ರಸ್ತೆಗೆ ಒಯ್ಯಬೇಕು. ಹೊಸ ಎಂಜಿನ್ನನ್ನು ಶೆಡ್ಡಿನಲ್ಲಿ ಗಂಟೆಗಟ್ಟಲೆ ಐಡಲಿನಲ್ಲಿ ಬಿಡುವುದು ಉಪಚಾರವಲ್ಲ. ರಿಂಗುಗಳು ಬೋರಿಗೆ ಹೊಂದಿಕೊಳ್ಳಲು ಹಿಂದಿನಿಂದ ಒತ್ತು ಬೇಕು, ಒತ್ತು ಹುಟ್ಟಲು ಲೋಡು ಬೇಕು. ಐಡಲಿನಲ್ಲಿಯೇ ಓಡಿದರೆ ಬೋರು ಗಾಜಿನಂತೆ ನುಣುಪಾಗಿ, ಆಮೇಲೆ ಎಷ್ಟು ಓಡಿಸಿದರೂ ಆಯಿಲ್ ಕುಡಿಯುವುದು ನಿಲ್ಲುವುದಿಲ್ಲ. ಅರ್ಧ ಲೋಡಿನಲ್ಲಿ, ಗೇರು ಬದಲಿಸುತ್ತ, ಒಂದೇ ವೇಗಕ್ಕೆ ಅಂಟಿಕೊಳ್ಳದೆ, ಮೇಲಿನ ಗೇರಿನಲ್ಲಿ ಒದ್ದಾಡಿಸದೆ ಓಡಿಸಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬರುವ ನೂರು ಕಿಲೋಮೀಟರಿನ ಓಟ ಮೊದಲ ದಿನಕ್ಕೆ ಅಳತೆ ಮಾಡಿ ಕೊಟ್ಟ ಹಾಗಿದೆ. ಸಂಪಾಜೆ ಘಾಟಿ ಮೊದಲ ವಾರಕ್ಕೆ ಬೇಡ.

ಸಾವಿರ ಕಿಲೋಮೀಟರಿಗೆ ಆಯಿಲ್ ಬಿಸಿಯಾಗಿರುವಾಗಲೇ ಇಳಿಸಿ, ಹಳೆಯ ಫಿಲ್ಟರಿನ ಡಬ್ಬವನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬಿಸಿಲಿನಲ್ಲಿ ಹಿಡಿಯಬೇಕು. ಅಲ್ಲಿಲ್ಲಿ ಒಂದೆರಡು ಮಿನುಗು ಇರುವುದು ಸಹಜ. ಅಯಸ್ಕಾಂತಕ್ಕೆ ಅಂಟುವ ಪುಡಿ ಹೆಚ್ಚಿದ್ದರೆ ರಿಂಗು, ಲೈನರು ಅಥವಾ ಗೇರು. ಅಂಟದೆ ತಾಮ್ರದ ಬಣ್ಣದಲ್ಲಿ ಹೊಳೆಯುವ ಚಕ್ಕೆಗಳಿದ್ದರೆ ಬೇರಿಂಗು, ಆಗ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಚೇಂಬರು ಇಳಿಸಬೇಕು. ಏನೂ ಇಲ್ಲದಿದ್ದರೆ ಮ್ಯಾನುವಲ್ ಹೇಳುವ ದರ್ಜೆಯ ಹೊಸ ಆಯಿಲ್ ಹಾಕಿ, ವಾಲ್ವುಗಳ ಟ್ಯಾಪೆಟ್ ಬಿಡುವು ಮತ್ತೊಮ್ಮೆ ನೋಡಿ, ಏರ್ ಹೋಸಿನ ಕ್ಲಿಪ್ಪು ಸಡಿಲಿಸಿ ಬಿಳಿ ಬಟ್ಟೆಯನ್ನು ಒಳಗೆ ಆಡಿಸಿ. ಬಟ್ಟೆ ಬಿಳಿಯಾಗಿಯೇ ಹೊರಬಂದರೆ ಕ್ಲಿಪ್ಪು ಬಿಗಿದು ಲಾರಿಯನ್ನು ಕೋರೆಗೆ ಕಳಿಸಬಹುದು.